ವಿಲಕ್ಷಣ ಗಾಯಕ ಕಿಶೋರಕುಮಾರರು

ರಾಜ್ಯೋತ್ಸವದ ಸ್ಮರಣಸಂಚಿಕೆಯಲ್ಲಿ ಬಂಗಾಲಿ ಮನೆತನದ ಹಿಂದೀ ಗಾಯಕರೊಬ್ಬರ ಜೀವನವೃತ್ತಾಂತ ಏತಕ್ಕೆ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸುವರೆಂಬುದನ್ನು ನಾವು ಬಲ್ಲೆವು. ಅದಕ್ಕೆ ನಮ್ಮಲ್ಲಿ ಮೂರು ಕಾರಣಗಳುಂಟು. ಕಿಶೋರಕುಮಾರರು ಕನ್ನಡಿಗರಲ್ಲದಿದ್ದರೂ ಕನ್ನಡದಲ್ಲಿ ಹಾಡಿದರು, ಇದು ಮೊದಲನೆಯದು. ಅವರ ಬಾಳಿನ ಕೊನೆಯ ವರ್ಷಗಳ ಸಂಗಾತಿಯಾಗಿದ್ದ ಲೀನಾ ಚಂದಾವರಕರರು ನಮ್ಮ ಧಾರವಾಡದಲ್ಲಿ ಹುಟ್ಟಿದವರು; ಇದು ಎರಡನೆಯದು. ಮೂರನೆಯದೇ ನಮ್ಮ ಮಟ್ಟಿಗೆ ದೊಡ್ಡದು. ಅವರೂ ನಮ್ಮ ಹಾಗೆಯೇ ಹೊರಗಿನಿಂದ ಮುಂಬಯಿಗೆ ಬಂದು, ನಾಲ್ಕು ದಶಕಗಳ ಕಾಲ ಇಲ್ಲಿ ದುಡಿದು, ಒಂದು ದಿನ ಊರಿಗೆ ಮರಳುವೆನೆಂದು ಹೇಳುತ್ತಲೇ ಇದ್ದವರು.

ನಾವು ಹುಟ್ಟುವುದಕ್ಕೆ ಮೊದಲೇ ಅವರು ಕಾಲವಾಗಿದ್ದರು. ಆದರೂ ಅವರ ಕಂಠವನ್ನು ಕೇಳದೆ ಬೆಳೆದೆವೆಂದು ಹೇಳುವಂತಿಲ್ಲ. ನಮ್ಮ ತಂದೆಯವರು ದಕ್ಷಿಣ ಕನ್ನಡದಿಂದ ಬಂದು ಉಪನಗರದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯ ಕಳೆದವರು. ಅವರ ಬಲಗಡೆ ಬಿಲ್ಲು ಚುಚ್ಚುವ ಕಂಬಿ, ಎಡಗಡೆ ಒಂದು ರೇಡಿಯೋ. ವಿವಿಧ ಭಾರತಿಯಲ್ಲಿ ಕಿಶೋರಕುಮಾರರ ಹಾಡು ಬಂದರೆ ಸಾಕು, ಚಿಲ್ಲರೆ ಎಣಿಸುವ ಅವರ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಹಾಡು ಮುಗಿದ ಮೇಲೆ, ಈ ಮನುಷ್ಯ ಅರೆಹುಚ್ಚನಂತೆ ಎಂದು ತಪ್ಪದೆ ಹೇಳುತ್ತಿದ್ದರು. ಹುಚ್ಚನ ಹಾಡಿಗೆ ಲೆಕ್ಕದವನ ಕೈ ಏಕೆ ನಿಲ್ಲಬೇಕು? ಅಂದಿನಿಂದ ನಮ್ಮ ಮನಸ್ಸಿನಲ್ಲಿ ಉಳಿದಿದ್ದ ಈ ಪ್ರಶ್ನೆಯೇ ಇಂದು ಈ ಲೇಖನವನ್ನು ಬರೆಯಿಸುತ್ತಿದೆ. ನಾವು ಬ್ಯಾಂಕಿನ ಗುಮಾಸ್ತರು. ಜಮೆ ಮತ್ತು ಖರ್ಚು ಎರಡೂ ಬದಿಗಳನ್ನು ನೋಡದೆ ಶಿಲ್ಕು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಕಿಶೋರಕುಮಾರರ ಖಾತೆಯನ್ನೂ ಹಾಗೆಯೇ ನೋಡೋಣ.

ಮುಂಬಯಿಯಿಂದ ಉತ್ತರಕ್ಕೆ ಹೋಗುವ ರೈಲಿನಲ್ಲಿ ಭುಸಾವಳ, ಬುರ್ಹಾನಪುರಗಳನ್ನು ದಾಟಿದ ಮೇಲೆ ಖಂಡ್ವಾ ಎಂಬ ಜಂಕ್ಷನ್ ಬರುತ್ತದೆ. ಈಗ ಅದು ಮಧ್ಯಪ್ರದೇಶದಲ್ಲಿದೆ. 1929ನೆಯ ಆಗಸ್ಟ್ 4ರಂದು ಆ ಊರಿನ ವಕೀಲರಾದ ಕುಂಜಲಾಲ ಗಂಗೂಲಿಯವರಿಗೂ ಗೌರೀದೇವಿಯವರಿಗೂ ಕಿರಿಯ ಮಗನೊಬ್ಬ ಹುಟ್ಟಿದನು. ಹೆಸರು ಆಭಾಸಕುಮಾರ. ಹಿರಿಯ ಅಣ್ಣ ಕುಮುದಲಾಲ, ನಡುವೆ ಅಕ್ಕ ಸತೀದೇವಿ, ಇನ್ನೊಬ್ಬ ಅಣ್ಣ ಕಲ್ಯಾಣ. ಈ ಕುಮುದಲಾಲರೇ ಮುಂದೆ ಅಶೋಕಕುಮಾರರೆಂದು, ಕಲ್ಯಾಣರು ಅನೂಪಕುಮಾರರೆಂದು, ಆಭಾಸನು ಕಿಶೋರಕುಮಾರರೆಂದು ದೇಶಕ್ಕೆಲ್ಲ ಪರಿಚಿತರಾದರು.

ಬಾಲ್ಯದಲ್ಲಿ ಕಿಶೋರನ ಕಂಠ ಒಡಕಲಾಗಿತ್ತಂತೆ. ಅಶೋಕಕುಮಾರರು ಹೇಳುತ್ತಿದ್ದ ಒಂದು ಕಥೆಯುಂಟು. ಹುಡುಗನು ಅಡಿಗೆಮನೆಗೆ ಓಡಿಬರುವಾಗ ಈಳಿಗೆ ತಾಗಿ ಕಾಲ್ಬೆರಳು ಕೊಯ್ದುಹೋಯಿತು. ನೋವು ತಾಳಲಾರದೆ ಅವನು ದಿನಗಟ್ಟಲೆ ಎಡೆಬಿಡದೆ ಅತ್ತನು. ಆ ಅಳುವಿನಲ್ಲಿಯೇ ಗಂಟಲು ಪಳಗಿ ಕಂಠವು ತಿಳಿಯಾಯಿತಂತೆ. ವೈದ್ಯರು ಇದನ್ನು ಒಪ್ಪುವರೋ ಇಲ್ಲವೋ, ಅಳುವಿನಿಂದ ಹಾಡು ಹುಟ್ಟಿತೆಂಬ ಮಾತು ಅವರ ಮುಂದಿನ ಬಾಳಿಗೆ ಒಪ್ಪುವಂತಿದೆ. ಗುರುವಿನ ಮುಂದೆ ಕುಳಿತು ಸಂಗೀತವನ್ನು ಅವರು ಕ್ರಮವಾಗಿ ಕಲಿಯಲಿಲ್ಲ. ಕುಂದನಲಾಲ ಸೈಗಲ್ಲರೇ ಅವರ ಮಾನಸಗುರು. ಸೈಗಲ್ಲರ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ಅದೇ ರೀತಿ ಹಾಡುವುದೇ ಹುಡುಗನ ವಿದ್ಯಾಭ್ಯಾಸವಾಯಿತು.

ಇಂದೂರಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅವರು ಓದಿದುದುಂಟು. ಅಲ್ಲಿಯ ಕ್ಯಾಂಟೀನಿಗೆ ಐದು ರೂಪಾಯಿ ಹನ್ನೆರಡು ಆಣೆಗಳ ಬಾಕಿಯನ್ನು ಉಳಿಸಿ ಬಂದರೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. ಮುಂದೆ 1958ರ ‘ಚಲ್ತಿ ಕಾ ನಾಮ್ ಗಾಡಿ’ ಚಿತ್ರದ ಹಾಡೊಂದರಲ್ಲಿ ಇದೇ ಮೊತ್ತವು ಪಲ್ಲವಿಯಂತೆ ಮತ್ತೆ ಮತ್ತೆ ಬರುವುದನ್ನು ಕೇಳಿದವರು ಬಲ್ಲರು. ಸಾಲ ಮಾಡಿದವರು ಅದನ್ನು ಮರೆಯುವುದು ಸಾಮಾನ್ಯ. ಸಾಲದ ಮೊತ್ತವನ್ನು ದೇಶದ ಬಾಯಲ್ಲೆಲ್ಲ ಹಾಡಿಸಿದವರನ್ನು ನಾವು ಬೇರೆ ಕಂಡಿಲ್ಲ.

ಇಷ್ಟರಲ್ಲಿ ಹಿರಿಯ ಅಣ್ಣನವರು ಮಾಲಾಡಿನ ಬಾಂಬೇ ಟಾಕೀಸಿನ ಪ್ರಸಿದ್ಧ ನಾಯಕರಾಗಿದ್ದರು. ಅವರ ‘ಅಛೂತ್ ಕನ್ಯಾ’ 1936ರಲ್ಲಿಯೂ ‘ಕಿಸ್ಮತ್’ 1943ರಲ್ಲಿಯೂ ಬಂದಿದ್ದುವು. ತಮ್ಮನೂ ಮುಂಬಯಿಗೆ ಬಂದನು. ಅಣ್ಣನಿಗೆ ತಮ್ಮನು ನಟನಾಗಬೇಕೆಂಬ ಆಸೆ. ತಮ್ಮನಿಗೆ ಹಾಡುವುದೊಂದೇ ಆಸೆ. 1946ರ ‘ಶಿಕಾರಿ’ ಚಿತ್ರದಲ್ಲಿ ಕಿಶೋರಕುಮಾರರು ಮೊದಲ ಬಾರಿಗೆ ಪರದೆಯ ಮೇಲೆ ಕಾಣಿಸಿಕೊಂಡರು. 1948ರಲ್ಲಿ ಖೇಮಚಂದ ಪ್ರಕಾಶರು ‘ಜಿದ್ದಿ’ ಚಿತ್ರದಲ್ಲಿ ದೇವಾನಂದರಿಗಾಗಿ ಅವರಿಂದ ಹಾಡಿಸಿದರು. ಆ ಹಾಡನ್ನು ಇಂದು ಕೇಳಿದರೆ ಸೈಗಲ್ಲರ ನೆರಳು ಸ್ಪಷ್ಟವಾಗಿ ತೋರುತ್ತದೆ. ಸಂಗೀತ ನಿರ್ದೇಶಕರಾದ ಸಚಿನದೇವ ಬರ್ಮನ್ನರು ಈ ಯುವಕನ ಹಾಡನ್ನು ಕೇಳಿ, ಪರರ ಕಂಠವನ್ನು ಬಿಟ್ಟು ತನ್ನ ಕಂಠವನ್ನು ಹುಡುಕಿಕೊಳ್ಳಬೇಕೆಂದು ಬುದ್ಧಿ ಹೇಳಿದರು. ಈ ಒಂದು ಮಾತು ಕಿಶೋರಕುಮಾರರ ಬಾಳಿನ ದಿಕ್ಕನ್ನೇ ತಿರುಗಿಸಿತು.

ಹುಡುಕುತ್ತ ಹೋದವರಿಗೆ ಸಿಕ್ಕಿದುದು ಬಹು ವಿಚಿತ್ರವಾದ ವಸ್ತು. ಅಮೇರಿಕದ ಜಿಮ್ಮಿ ರಾಜರ್ಸ್, ನ್ಯೂಜಿಲೆಂಡಿನ ಟೆಕ್ಸ್ ಮಾರ್ಟನ್ ಮುಂತಾದ ಗಾಯಕರ ಧ್ವನಿಮುದ್ರಿಕೆಗಳಲ್ಲಿ ‘ಯೋಡ್ಲಿಂಗ್’ ಎಂಬ ಒಂದು ಪರಿಯಿದೆ. ಎದೆಯ ಧ್ವನಿಯಿಂದ ಮೇಲಿನ ಕಳ್ಳಧ್ವನಿಗೆ ತಟ್ಟನೆ ಹಾರಿ, ಮತ್ತೆ ತಟ್ಟನೆ ಇಳಿಯುವ ವಿದ್ಯೆ ಅದು. ಗುಡ್ಡಗಾಡಿನಲ್ಲಿ ದನ ಕಾಯುವವರು ಒಂದು ಬೆಟ್ಟದಿಂದ ಇನ್ನೊಂದಕ್ಕೆ ಕೂಗಿ ಕರೆಯುವ ರೀತಿಯಿಂದ ಅದು ಹುಟ್ಟಿತೆನ್ನುವರು. ನಮ್ಮ ಘಟ್ಟದ ತೋಟಗಳಲ್ಲಿ ಆಳುಗಳು ಕೂ ಎಂದು ಕೂಗುವುದನ್ನು ಕೇಳಿದವರಿಗೆ ಇದರ ಅಂದಾಜು ಆಗಬಹುದು. ಈ ಕೂಗನ್ನು ಹಿಂದೀ ಹಾಡಿನೊಳಗೆ ಹೊಲಿಗೆ ಕಾಣದಂತೆ ಕೂಡಿಸಿದವರು ಕಿಶೋರಕುಮಾರರು. ಪಾಶ್ಚಾತ್ಯರ ರಾಕ್ ಆ್ಯಂಡ್ ರೋಲ್ ಕುಣಿತ ಇಲ್ಲಿಗೆ ಬಂದಾಗ ಅದನ್ನು ನಮ್ಮ ಮಾತಿನ ಲಯಕ್ಕೆ ಬಗ್ಗಿಸಿದವರಲ್ಲಿಯೂ ಅವರು ಮುಂದಿದ್ದರು. 1958ರ ‘ದಿಲ್ಲೀ ಕಾ ಠಗ್’ ಚಿತ್ರದ ತಮಾಷೆಯ ಹಾಡುಗಳೇ ಇದಕ್ಕೆ ಸಾಕ್ಷಿ.

1951ರ ‘ಆಂದೋಲನ’ದಲ್ಲಿ ನಾಯಕರಾದುದರಿಂದ ಮೊದಲ್ಗೊಂಡು ಮುಂದಿನ ಹದಿನೈದು ವರ್ಷ ಅವರು ಮನಸ್ಸಿಲ್ಲದ ಮನಸ್ಸಿನಿಂದ ನಟರಾಗಿಯೇ ಉಳಿದರು. ಬಿಮಲ ರಾಯರ ‘ನೌಕರಿ’ 1954ರಲ್ಲಿ, ‘ನ್ಯೂ ಡೆಲ್ಲಿ’ 1956ರಲ್ಲಿ, ಮೂವರು ಅಣ್ಣತಮ್ಮಂದಿರೂ ಕೂಡಿ ನಟಿಸಿದ ‘ಚಲ್ತಿ ಕಾ ನಾಮ್ ಗಾಡಿ’ 1958ರಲ್ಲಿ, ‘ಹಾಫ್ ಟಿಕೆಟ್’ 1962ರಲ್ಲಿ ಬಂದುವು. ಈ ಕೊನೆಯ ಚಿತ್ರದಲ್ಲಿ ಸಲಿಲ ಚೌಧರಿಯವರ ಸಂಗೀತಕ್ಕೆ ಒಂದೇ ಹಾಡಿನ ಗಂಡುದನಿ, ಹೆಣ್ಣುದನಿ ಎರಡನ್ನೂ ಕಿಶೋರಕುಮಾರರೇ ಹಾಡಿದ್ದಾರೆ. ಅದೇ ಕಾಲದಲ್ಲಿ ಇನ್ನೊಂದು ವಿನೋದವೂ ನಡೆಯಿತು. 1958ರ ‘ರಾಗಿಣಿ’ ಚಿತ್ರದಲ್ಲಿ ಶಾಸ್ತ್ರೀಯ ಧಾಟಿಯ ಹಾಡೊಂದಕ್ಕೆ ಪರದೆಯ ಮೇಲೆ ತುಟಿಯಾಡಿಸಿದವರು ಕಿಶೋರಕುಮಾರರು. ಹಾಡಿದವರು ಮಹಮ್ಮದ ರಫಿಯವರು. ತಾನೇ ಗಾಯಕನಾಗಿದ್ದು ಇನ್ನೊಬ್ಬರ ಕಂಠಕ್ಕೆ ಬಾಯಾಡಿಸುವುದು ಎಷ್ಟು ಜನಕ್ಕೆ ಸಾಧ್ಯ? ಸಂಗೀತ ಕಲಿಯದವನೆಂಬ ಮಾತು ಆ ದಿನಗಳಲ್ಲಿ ಅವರ ಬೆನ್ನು ಬಿಡಲಿಲ್ಲ. ಅದಕ್ಕೆ ಉತ್ತರವೆಂಬಂತೆ 1968ರಲ್ಲಿ ‘ಪಡೋಸನ್’ ಬಂದಿತು. ಶಾಸ್ತ್ರೀಯ ಸಂಗೀತದಲ್ಲಿ ನುರಿತ ಮನ್ನಾ ಡೇಯವರಿಗೆ ಎದುರಾಗಿ ಸ್ಪರ್ಧೆಯ ಹಾಡಿನಲ್ಲಿ ನಿಂತು, ರಾಗದ ಸೋಲನ್ನು ನಗೆಯ ಗೆಲುವಾಗಿ ಮಾಡಿದ ಕಿಶೋರಕುಮಾರರನ್ನು ನೋಡಿ ಇಂದಿಗೂ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಇನ್ನು ಅವರ ಹುಚ್ಚಿನ ಕಥೆಗಳಿಗೆ ಬರೋಣ. ಇವುಗಳಿಗೆ ಮುಂಬಯಿಯಲ್ಲಿ ಬರಗಾಲವಿಲ್ಲ. ಮನೆಯ ಬಾಗಿಲಿಗೆ, ಕಿಶೋರನಿದ್ದಾನೆ ಎಚ್ಚರಿಕೆ ಎಂಬರ್ಥದ ಫಲಕವನ್ನು ತೂಗುಹಾಕಿದ್ದರೆಂದೂ, ಜುಹೂವಿನ ತಮ್ಮ ತೋಟದ ಮರಗಳಿಗೆ ಒಂದೊಂದು ಹೆಸರಿಟ್ಟು ಅವುಗಳೊಡನೆ ಮಾತನಾಡುತ್ತಿದ್ದರೆಂದೂ ಹೇಳುವರು. ನಿರ್ಮಾಪಕರೊಬ್ಬರು ಅರ್ಧ ಹಣವನ್ನಷ್ಟೇ ಕೊಟ್ಟಿದ್ದಾಗ ಅರ್ಧ ಮುಖಕ್ಕೆ ಮಾತ್ರ ಬಣ್ಣ ಹಚ್ಚಿಕೊಂಡು ಬಂದರಂತೆ. ನಿರ್ದೇಶಕರ ಮಾತನ್ನು ಚಾಚೂ ತಪ್ಪದೆ ಪಾಲಿಸಬೇಕೆಂದು ನ್ಯಾಯಾಲಯದಿಂದ ಆಜ್ಞೆಯಾದಾಗ, ಇಳಿಯಲು ಹೇಳುವವರೆಗೆ ಕಾರಿನಿಂದ ಇಳಿಯಲಿಲ್ಲವಂತೆ. ಕಾರು ಓಡಿಸುವ ದೃಶ್ಯದಲ್ಲಿ ನಿಲ್ಲಿಸಲು ಹೇಳಲಿಲ್ಲವೆಂದು ಖಂಡಾಳದವರೆಗೆ ಓಡಿಸಿಕೊಂಡು ಹೋದರಂತೆ. 1956ರ ‘ಭಾಈ ಭಾಈ’ ಚಿತ್ರದ ಸಮಯದ ಕಥೆ ಇನ್ನೂ ಸೊಗಸು. ಐದು ಸಾವಿರ ರೂಪಾಯಿ ಬರಬೇಕಾಗಿತ್ತು. ಅಣ್ಣನ ಒತ್ತಾಯಕ್ಕೆ ಚಿತ್ರೀಕರಣಕ್ಕೆ ಬಂದವರು ನಾಲ್ಕು ಹೆಜ್ಜೆ ಇಡುವುದು, ಐದು ಸಾವಿರವೆನ್ನುವುದು, ಒಂದು ಲಾಗ ಹಾಕುವುದು. ಹೀಗೆಯೇ ಲಾಗ ಹಾಕುತ್ತ ಹಾಕುತ್ತ ಸ್ಟುಡಿಯೋದ ಆ ತುದಿ ತಲಪಿ ಹೊರಟೇ ಹೋದರಂತೆ.

ಈ ಕಥೆಗಳಲ್ಲಿ ಎಷ್ಟು ನಿಜ, ಎಷ್ಟು ಉಪ್ಪುಖಾರ ಎಂದು ಅಳೆಯುವ ತಕ್ಕಡಿ ನಮ್ಮಲ್ಲಿಲ್ಲ. ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಇವುಗಳಲ್ಲಿ ಬಹುಪಾಲು ಬಾಕಿ ವಸೂಲಿಯ ಕಥೆಗಳು. ಚಿತ್ರರಂಗದಲ್ಲಿ ಕೆಲಸ ಮಾಡಿಸಿಕೊಂಡು ಹಣ ಮುಳುಗಿಸುವುದು ಆಗಲೂ ಹೊಸತಲ್ಲ. ಇತರರು ಮರ್ಯಾದೆಗೆ ಅಂಜಿ ಸುಮ್ಮನಿದ್ದರು. ನೋಟೀಸು ಕೊಟ್ಟವರು ವರ್ಷಗಟ್ಟಲೆ ಅಲೆದರು. ಕಿಶೋರಕುಮಾರರು ಲಾಗ ಹಾಕಿದರು. ಹುಚ್ಚನೆಂದು ಹೆಸರಾದರೆ ಮೋಸ ಮಾಡುವವರು ಹತ್ತಿರ ಸುಳಿಯುವುದಿಲ್ಲ, ಬೇಡದ ಅತಿಥಿಗಳೂ ಬರುವುದಿಲ್ಲ. ತೋಟಕ್ಕೆ ಮುಳ್ಳುಬೇಲಿ ಹಾಕುವ ರೈತನನ್ನು ನಾವು ಹುಚ್ಚನೆನ್ನುವುದಿಲ್ಲವಷ್ಟೆ.

ಬೇಲಿಗೂ ಬೆಲೆಯುಂಟು. ಹೃಷೀಕೇಶ ಮುಖರ್ಜಿಯವರು ‘ಆನಂದ್’ ಚಿತ್ರದ ನಾಯಕ ಪಾತ್ರವನ್ನು ಮೊದಲು ಕಿಶೋರಕುಮಾರರಿಗೆಂದು ಎಣಿಸಿ ಮನೆಗೆ ಹೋದಾಗ ಕಾವಲುಗಾರನು ಅವರನ್ನು ಓಡಿಸಿಬಿಟ್ಟನಂತೆ. ಬಾಕಿಯುಳಿಸಿಕೊಂಡಿದ್ದ ಬಂಗಾಲಿ ಗೃಹಸ್ಥರೊಬ್ಬರು ಬಂದರೆ ಒಳಗೆ ಬಿಡಬೇಡವೆಂದು ಯಜಮಾನರ ಅಪ್ಪಣೆಯಾಗಿತ್ತು, ಹೃಷೀಕೇಶರೂ ಬಂಗಾಲಿಗಳೇ. ಪಾತ್ರವು ರಾಜೇಶ ಖನ್ನಾರವರಿಗೆ ಹೋಯಿತು. 1971ರಲ್ಲಿ ಬಂದ ಆ ಚಿತ್ರದ ಕೀರ್ತಿ ಎಲ್ಲರಿಗೂ ತಿಳಿದೇ ಇದೆ.

ಖಾತೆಯ ಇನ್ನೊಂದು ಬದಿಯನ್ನು ನೋಡುವವರು ಕಡಿಮೆ. ಸತ್ಯಜಿತ ರಾಯರು ‘ಪಥೇರ್ ಪಾಂಚಾಲಿ’ಯನ್ನು ಮುಗಿಸಲು ಹಣವಿಲ್ಲದೆ ಕಷ್ಟಪಡುತ್ತಿದ್ದಾಗ ಕಿಶೋರಕುಮಾರರು ಐದು ಸಾವಿರ ರೂಪಾಯಿಗಳ ನೆರವು ನೀಡಿದರೆಂದು ಹೇಳುವರು. ಲಾಗ ಹಾಕಿ ಕೇಳಿದ ಮೊತ್ತವೂ ಐದು ಸಾವಿರ. ಕೇಳದೆ ಕೊಟ್ಟ ಮೊತ್ತವೂ ಐದು ಸಾವಿರ! 1964ರಲ್ಲಿ ಅದೇ ರಾಯರ ‘ಚಾರುಲತಾ’ ಚಿತ್ರಕ್ಕಾಗಿ ರವೀಂದ್ರರ ಗೀತೆಯನ್ನು ಹಾಡಿ ಸಂಭಾವನೆಯನ್ನು ಮುಟ್ಟಲಿಲ್ಲ. 1985ರಲ್ಲಿ ರಾಜೇಶ ಖನ್ನಾರವರು ‘ಅಲಗ್ ಅಲಗ್’ ಚಿತ್ರ ತೆಗೆದಾಗಲೂ ಹಾಗೆಯೇ ಹಾಡಿಕೊಟ್ಟರು. ತಮ್ಮ ಹಾಡನ್ನು ಮೊದಮೊದಲು ಮೆಚ್ಚಿದ್ದ ನಟ ಅರುಣಕುಮಾರ ಮುಖರ್ಜಿಯವರು ತೀರಿಕೊಂಡ ಮೇಲೆ, ಭಾಗಲ್ಪುರದಲ್ಲಿದ್ದ ಅವರ ಕುಟುಂಬಕ್ಕೆ ಸದ್ದಿಲ್ಲದೆ ಹಣ ಕಳುಹಿಸುತ್ತಿದ್ದರಂತೆ. ಕೊಡಬೇಕಾದವನಿಂದ ಕಾಸೂ ಬಿಡದೆ ವಸೂಲು ಮಾಡಿ, ಕಷ್ಟದಲ್ಲಿದ್ದವನಿಗೆ ರಸೀದಿಯಿಲ್ಲದೆ ಕೊಡುವುದು ಹುಚ್ಚೋ, ಇಲ್ಲ ಲೆಕ್ಕದ ಜಾಣ್ಮೆಯೋ ಎಂಬುದನ್ನು ವಾಚಕರೇ ತೀರ್ಮಾನಿಸಲಿ.

ಒಂದು ಇಲಾಖೆಯೊಡನೆ ಮಾತ್ರ ಅವರ ಲೆಕ್ಕ ಎಂದೂ ಹೊಂದಲಿಲ್ಲ. ಅದು ಆದಾಯ ತೆರಿಗೆಯ ಇಲಾಖೆ. ‘ಚಲ್ತಿ ಕಾ ನಾಮ್ ಗಾಡಿ’ಯನ್ನು ಅವರು ತೆಗೆದುದೇ ನಷ್ಟ ತೋರಿಸಿ ತೆರಿಗೆ ಉಳಿಸುವುದಕ್ಕಾಗಿ ಎಂಬ ಮಾತುಂಟು. ದುರದೃಷ್ಟವೆನ್ನಬೇಕೋ ಅದೃಷ್ಟವೆನ್ನಬೇಕೋ, ಚಿತ್ರವು ಜಯಭೇರಿ ಹೊಡೆಯಿತು. ತೆರಿಗೆಯ ಬಾಕಿ ವರ್ಷಗಳವರೆಗೆ ಅವರನ್ನು ಕಾಡಿತು. ಅದನ್ನು ತೀರಿಸಲೆಂದೇ ಅವರು ಊರೂರು ತಿರುಗಿ ವೇದಿಕೆಯ ಮೇಲೆ ಹಾಡತೊಡಗಿದರೆಂದು ಹೇಳುವರು. ವೇದಿಕೆಯೆಂದರೆ ಅಂಜುತ್ತಿದ್ದವರು ಅದೇ ವೇದಿಕೆಯ ಮೇಲೆ ಕುಣಿದು, ನೆಗೆದು ಹಾಡುವವರಾದರು. ಸಭೆಗೆ ತಮ್ಮ ಪರಿಚಯವನ್ನು ಹೇಳಿಕೊಳ್ಳುವಾಗ ಮುಂಬಯಿಯ ಹೆಸರನ್ನೆತ್ತದೆ, ಖಂಡ್ವಾದವನೆಂದೇ ಹೇಳಿಕೊಳ್ಳುತ್ತಿದ್ದರು.

ಸಂಸಾರದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮೊದಲ ಪತ್ನಿ ರೂಮಾದೇವಿಯವರು ಬಂಗಾಲದ ನಟಿ, ಗಾಯಕಿ. 1952ರಲ್ಲಿ ಹುಟ್ಟಿದ ಅವರ ಮಗ ಅಮಿತಕುಮಾರರೂ ಗಾಯಕರಾಗಿ ಹೆಸರಾದರು. ಈ ದಾಂಪತ್ಯವು 1958ರಲ್ಲಿ ಮುಗಿಯಿತು. 1960ರಲ್ಲಿ ಕಿಶೋರಕುಮಾರರು ಮಧುಬಾಲಾರನ್ನು ವರಿಸಿದರು. ದೇಶವೆಲ್ಲ ಆರಾಧಿಸುತ್ತಿದ್ದ ಆ ಸುಂದರಿಯ ಹೃದಯದಲ್ಲಿ ಹುಟ್ಟಿನಿಂದಲೇ ರಂಧ್ರವಿತ್ತು. ಲಂಡನ್ನಿನ ವೈದ್ಯರೂ ಕೈಚೆಲ್ಲಿದರು. ಒಂಬತ್ತು ವರ್ಷ ಹಾಸಿಗೆಯ ಬಾಳನ್ನು ಬಾಳಿ 1969ರ ಫೆಬ್ರವರಿ 23ರಂದು, ಮೂವತ್ತಾರನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಆಕೆ ತವರಿನಲ್ಲಿಯೇ ಇದ್ದರು. ಗಂಡನು ಹತ್ತಿರವಿದ್ದು ನೋಡಿಕೊಳ್ಳಲಿಲ್ಲವೆಂಬ ದೂರನ್ನು ಹಲವರು ಹೇಳಿದ್ದಾರೆ; ದುಡಿಯದೆ ವಿಧಿಯಿರಲಿಲ್ಲವೆಂದು ಹೇಳುವವರೂ ಇದ್ದಾರೆ. ಬೇರೆಯವರ ಮನೆಯೊಳಗಿನ ದುಃಖಕ್ಕೆ ತೀರ್ಪು ಬರೆಯಲು ನಾವು ಯಾರು? ಮೂರನೆಯ ವಿವಾಹವು ಎರಡೇ ವರ್ಷ ಉಳಿಯಿತು. 1980ರಲ್ಲಿ ಲೀನಾ ಚಂದಾವರಕರರು ಅವರ ಕೈಹಿಡಿದರು. ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡಿದ್ದ ಧಾರವಾಡದ ಈ ಹೆಣ್ಣುಮಗಳೊಡನೆ ಕಿಶೋರಕುಮಾರರು ಕೊನೆಯವರೆಗೂ ಬಾಳಿದರು. 1982ರಲ್ಲಿ ಸುಮಿತನೆಂಬ ಮಗನು ಹುಟ್ಟಿದನು.

ಮಧುಬಾಲಾ ತೀರಿಕೊಂಡ ಅದೇ 1969ನೆಯ ವರ್ಷ ಶಕ್ತಿ ಸಾಮಂತರ ‘ಆರಾಧನಾ’ ತೆರೆಕಂಡಿತು. ನಟರಾಗಿ ಇಳಿಮುಖವಾಗಿದ್ದ, ನಲವತ್ತು ತುಂಬಿದ ಕಿಶೋರಕುಮಾರರು ಆ ಚಿತ್ರದ ಹಾಡುಗಳಿಂದ ದೇಶದ ಅಗ್ರಗಾಯಕರಾಗಿ ಎದ್ದು ನಿಂತರು. ಸಂಗೀತವು, ಇಪ್ಪತ್ತು ವರ್ಷಗಳ ಹಿಂದೆ ಸ್ವಂತ ಕಂಠವನ್ನು ಹುಡುಕೆಂದು ಹೇಳಿದ್ದ ಸಚಿನದೇವ ಬರ್ಮನ್ನರದೇ. ಆ ಚಿತ್ರಕ್ಕಾಗಿ ಬಂದ ಫಿಲ್ಮ್‌ಫೇರ್ ಪ್ರಶಸ್ತಿಯೂ ಸೇರಿ ಒಟ್ಟು ಎಂಟು ಸಲ ಅವರು ಆ ಪ್ರಶಸ್ತಿಯನ್ನು ಪಡೆದರು. ಬರ್ಮನ್ನರ ಮಗ ರಾಹುಲದೇವರ ಹೊಸ ರೀತಿಯ ಲಯಗಳಿಗೆ ಅವರಷ್ಟು ಒಪ್ಪುವ ಕಂಠ ಬೇರೊಂದಿರಲಿಲ್ಲ. ‘ಕಟೀ ಪತಂಗ್’, ‘ಅಮರ ಪ್ರೇಮ’, ‘ಆಂಧೀ’ ಮುಂತಾದ ಚಿತ್ರಗಳ ಹಾಡುಗಳನ್ನು ಕೇಳದ ಮುಂಬಯಿಯ ಗಲ್ಲಿ ಉಂಟೇ? ರಾಜೇಶ ಖನ್ನಾ ಹಾಡಿದರೆ ರಾಜೇಶರೇ, ಅಮಿತಾಭ ಬಚ್ಚನ್ ಹಾಡಿದರೆ ಅಮಿತಾಭರೇ ಎನ್ನುವಂತೆ ಒಂದೇ ಕಂಠವು ಮುಖಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಒಡ್ಡೊಡ್ಡಾದ ನಟನೆಂದು ಹೆಸರಾಗಿದ್ದವರಿಗೆ ನಟನೆಯ ಹದಿನೈದು ವರ್ಷ ವ್ಯರ್ಥವಾಗಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ. ‘ಮಿಲೀ’ ಚಿತ್ರಕ್ಕೆ ಸಂಗೀತ ನೀಡುತ್ತಿದ್ದ ಕಾಲದಲ್ಲಿ ಹಿರಿಯ ಬರ್ಮನ್ನರು ಹಾಸಿಗೆ ಹಿಡಿದು 1975ರ ಅಕ್ಟೋಬರ್ 31ರಂದು ಕಣ್ಮುಚ್ಚಿದರು. ಆ ಚಿತ್ರದಲ್ಲಿ ಕಿಶೋರಕುಮಾರರು ಹಾಡಿದ ಒಂಟಿತನದ ಹಾಡನ್ನು ಕೇಳಿದವರಿಗೆ ಅವರನ್ನು ವಿದೂಷಕರೆಂದು ಕರೆಯಲು ಬಾಯಿ ಬಾರದು.

ಇನ್ನು ನಮ್ಮ ಕನ್ನಡದ ಮಾತು. 1972ರಲ್ಲಿ ದ್ವಾರಕೀಶರು ‘ಕುಳ್ಳ ಏಜೆಂಟ್ 000’ ಎಂಬ ಚಿತ್ರವನ್ನು ನಿರ್ಮಿಸಿ ತಾವೇ ನಾಯಕರಾದರು. ನಿರ್ದೇಶನ ಕೆ. ಎಸ್. ಎಲ್. ಸ್ವಾಮಿಯವರದು, ಸಂಗೀತ ರಾಜನ್-ನಾಗೇಂದ್ರರದು. ಚಿ. ಉದಯಶಂಕರರು ಬರೆದ ‘ಆಡು ಆಟ ಆಡು’ ಎಂಬ ಗೀತೆಯನ್ನು ಕಿಶೋರಕುಮಾರರಿಂದ ಹಾಡಿಸಿದರು. ಆಗ ಅವರು ಕೀರ್ತಿಯ ಶಿಖರದಲ್ಲಿದ್ದರು. ಹಿಂದೀ ನಿರ್ಮಾಪಕರೇ ಅವರ ದಿನಾಂಕಕ್ಕಾಗಿ ಕಾಯುತ್ತಿದ್ದ ಕಾಲದಲ್ಲಿ, ಕುಳ್ಳ ದೇಹದ ಹಾಸ್ಯನಟರೊಬ್ಬರ ಕನ್ನಡ ಚಿತ್ರಕ್ಕೆ ಅವರು ಹಾಡಿದುದು ಸಣ್ಣ ಮಾತಲ್ಲ. ಉಚ್ಚಾರಣೆಯಲ್ಲಿ ಅಲ್ಲಲ್ಲಿ ಪರಭಾಷೆಯ ವಾಸನೆಯಿದ್ದರೂ ಹುರುಪಿಗೆ ಕೊರತೆಯಿಲ್ಲ. ಯೋಡ್ಲಿಂಗ್ ಕೂಡ ಕನ್ನಡಕ್ಕೆ ಬಂದಂತಾಯಿತು. ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಈ ಹಾಡನ್ನು ಯಾರಾದರೂ ಎತ್ತಿಕೊಂಡರೆ ಮುಂದಿನ ಸಾಲಿನ ಹಿರಿಯರೂ ತಾಳ ಹಾಕುವುದನ್ನು ಕಂಡಿದ್ದೇವೆ. ಮಲಯಾಳ, ಅಸ್ಸಾಮಿ, ಗುಜರಾತಿ ಭಾಷೆಗಳಲ್ಲಿಯೂ ಅವರು ಹಾಡಿದ್ದಾರೆ. 1987ರ ಮರಾಠಿ ಚಿತ್ರ ‘ಗಮ್ಮತ್ ಜಮ್ಮತ್’ನಲ್ಲಿ ಅನುರಾಧಾ ಪೌಡವಾಲರೊಡನೆ ಹಾಡಿದ ಹಾಡು ಮುಂಬಯಿಯ ಗಣೇಶೋತ್ಸವಗಳಲ್ಲಿಯೂ ಮದುವೆಗಳಲ್ಲಿಯೂ ಇಂದಿಗೂ ಮೊಳಗುತ್ತದೆ.

ಅವರ ಬಾಳಿನಲ್ಲಿ ಒಂದು ಪರೀಕ್ಷೆಯ ಕಾಲವನ್ನು ಹೇಳದೆ ಬಿಟ್ಟರೆ ನಮ್ಮ ಲೆಕ್ಕ ಅಪೂರ್ಣವಾದೀತು. 1975ರ ಜೂನಿನಲ್ಲಿ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಗೆ ಬಂದಿತು. ಸರಕಾರದ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಪ್ರಚಾರಕ್ಕೆ ಚಿತ್ರರಂಗದವರು ನೆರವಾಗಬೇಕೆಂದು ದೆಹಲಿಯಿಂದ ಹೇಳಿಕೆ ಬಂದಾಗ ಕಿಶೋರಕುಮಾರರು ಒಪ್ಪಲಿಲ್ಲ. ಫಲವಾಗಿ 1976ರ ಮೇ ತಿಂಗಳಲ್ಲಿ ಆಕಾಶವಾಣಿಯಿಂದಲೂ ದೂರದರ್ಶನದಿಂದಲೂ ಅವರ ಹಾಡುಗಳು ಮಾಯವಾದುವು. ಮುಂದೆ ಷಾ ಆಯೋಗವು ತನಿಖೆ ನಡೆಸಿದಾಗ ಈ ಸಂಗತಿಯೂ ದಾಖಲೆಗೆ ಬಂದಿತು. ನಮ್ಮ ತಂದೆಯವರ ಪೀಳಿಗೆಯವರಿಗೆ ಅದು ನೆನಪಿದೆ; ರೇಡಿಯೋ ಇದ್ದಕ್ಕಿದ್ದ ಹಾಗೆ ಬಡವಾಯಿತೆಂದು ಅವರು ಹೇಳುತ್ತಾರೆ. ರೇಡಿಯೋವೇ ಗಾಯಕನ ಅನ್ನವಾಗಿದ್ದ ಕಾಲವದು. ಸಂಭಾವಿತರೂ ವಿವೇಕಿಗಳೂ ಆಗಿದ್ದ ಎಷ್ಟೋ ಜನ ತಲೆಯಾಡಿಸಿದಾಗ, ಹುಚ್ಚನೆನಿಸಿಕೊಂಡವರು ಇಲ್ಲವೆಂದರು. ಈ ಒಂದು ನಮೂದನ್ನು ಖಾತೆಯ ಯಾವ ಬದಿಗೆ ಬರೆಯಬೇಕೆಂಬುದರಲ್ಲಿ ನಮಗಂತೂ ಸಂಶಯವಿಲ್ಲ.

ದೋಷಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ತಾವು ತೆಗೆಯುವ ಚಿತ್ರದಲ್ಲಿ ಅತಿಥಿಯಾಗಿ ಬರಲಿಲ್ಲವೆಂದು ಮುನಿದು ಅಮಿತಾಭರಿಗೆ ಕೆಲಕಾಲ ಹಾಡುವುದನ್ನೇ ನಿಲ್ಲಿಸಿದ್ದರು, ಆಮೇಲೆ ರಾಜಿಯಾದರು. ಮಾತು ಕೊಟ್ಟು ತಪ್ಪಿಸಿಕೊಂಡ ಪ್ರಸಂಗಗಳೂ ಉಂಟು. ಆದರೆ ಅವರ ಅಂತರಂಗವನ್ನು ತಿಳಿಯಬೇಕೆನ್ನುವವರು 1964ರಲ್ಲಿ ಅವರು ನಿರ್ಮಿಸಿ, ನಿರ್ದೇಶಿಸಿ, ಸಂಗೀತ ನೀಡಿ, ನಟಿಸಿದ ‘ದೂರ್ ಗಗನ್ಕೀ ಛಾವ್ ಮೇಂ’ ಚಿತ್ರವನ್ನು ನೋಡಬೇಕು. ಯುದ್ಧದಿಂದ ಊರಿಗೆ ಮರಳುವ ಸೈನಿಕನೊಬ್ಬನು, ಮನೆಯು ಬೆಂಕಿಗೆ ಆಹುತಿಯಾಗಿರುವುದನ್ನೂ, ಬದುಕಿ ಉಳಿದ ಮಗನು ಮಾತು ಕಳೆದುಕೊಂಡಿರುವುದನ್ನೂ ಕಾಣುತ್ತಾನೆ. ನಗಿಸುವುದರಲ್ಲಿ ಹೆಸರಾದವರು ಸ್ವಂತ ಹಣ ಹಾಕಿ ಹೇಳಬಯಸಿದ ಕಥೆ ಇದು. ಆ ಮೂಕ ಬಾಲಕನ ಪಾತ್ರದಲ್ಲಿ ನಟಿಸಿದವನು ಅವರ ಮಗ ಅಮಿತನೇ.

ಊರಿಗೆ ಮರಳುವ ಹಂಬಲ ಅವರನ್ನು ಎಂದೂ ಬಿಡಲಿಲ್ಲ. ಜುಹೂವಿನ ಬಂಗಲೆಗೆ ತಾಯಿಯ ನೆನಪಿಗಾಗಿ ‘ಗೌರೀಕುಂಜ’ವೆಂದು ಹೆಸರಿಟ್ಟಿದ್ದರು. ಎಂಬತ್ತರ ದಶಕದಲ್ಲಿ, ಇನ್ನು ಸಾಕು, ಖಂಡ್ವಾದಲ್ಲಿ ನೆಲೆಸಿ ಹಾಲು-ಜಿಲೇಬಿ ತಿಂದುಕೊಂಡು ಇರುತ್ತೇನೆಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಮುಂಬಯಿಯಲ್ಲಿ ಯಾರೂ ಯಾರಿಗೂ ಸ್ನೇಹಿತರಲ್ಲ, ಅದರಿಂದಲೇ ಮರಗಳೊಡನೆ ಸ್ನೇಹವೆಂಬ ಅಭಿಪ್ರಾಯ ಅವರದು. ಜನರು ಇದನ್ನೂ ಹುಚ್ಚಿನ ಲೆಕ್ಕಕ್ಕೆ ಸೇರಿಸಿದರು. ನಮಗೆ ಹಾಗೆ ತೋರುವುದಿಲ್ಲ. ಹಳ್ಳಿಯಲ್ಲಿ ಹಸುವಿಗೂ ಹಲಸಿನ ಮರಕ್ಕೂ ಹೆಸರಿಟ್ಟು ಮಾತನಾಡಿಸುವ ಅಜ್ಜಿಯನ್ನು ನಾವಾರೂ ಹುಚ್ಚಿಯೆಂದು ಕರೆಯಲಿಲ್ಲ. ಅದೇ ಕೆಲಸವನ್ನು ಜುಹೂವಿನಲ್ಲಿ ಮಾಡಿದರೆ ವಿಲಕ್ಷಣತೆ! ನಮ್ಮ ನಮ್ರ ಅಭಿಪ್ರಾಯದಲ್ಲಿ ಕಿಶೋರಕುಮಾರರ ಹುಚ್ಚಿನ ಬಹುಪಾಲು, ಪಟ್ಟಣದವನಾಗಲು ಒಪ್ಪದ ಊರಿನವನ ಹಠವೇ ಹೊರತು ಬೇರೆಯಲ್ಲ.

1987ರ ಅಕ್ಟೋಬರ್ 12ರಂದು ಬಪ್ಪಿ ಲಾಹಿರಿಯವರ ಸಂಗೀತದಲ್ಲಿ ಆಶಾ ಭೋಸಲೆಯವರೊಡನೆ ‘ವಕ್ತ್ ಕೀ ಆವಾಜ್’ ಚಿತ್ರಕ್ಕೆ ಅವರು ಒಂದು ಯುಗಳಗೀತೆಯನ್ನು ಹಾಡಿದರು. ಮರುದಿನ 13ರಂದು ಅಣ್ಣ ಅಶೋಕಕುಮಾರರ ಎಪ್ಪತ್ತಾರನೆಯ ಹುಟ್ಟುಹಬ್ಬ. ಅದೇ ದಿನ ಹೃದಯಾಘಾತದಿಂದ ತಮ್ಮನು ತೀರಿಕೊಂಡರು. ಆಗ ಅವರಿಗೆ ಐವತ್ತೆಂಟು ವರ್ಷ. ಅಣ್ಣನು ಮತ್ತೆ ಹುಟ್ಟುಹಬ್ಬವನ್ನು ಆಚರಿಸಿಕೊಳ್ಳಲಿಲ್ಲವಂತೆ. ಪಾರ್ಥಿವ ದೇಹವನ್ನು ಖಂಡ್ವಾಕ್ಕೆ ಕೊಂಡೊಯ್ದು ಅಲ್ಲಿಯೇ ಸಂಸ್ಕಾರ ಮಾಡಿದರು. ನಲವತ್ತು ವರ್ಷ ಹೇಳುತ್ತ ಬಂದ ಪ್ರಯಾಣವು ಹೀಗೆ ನೆರವೇರಿತು. ಅಲ್ಲಿ ಅವರ ಸಮಾಧಿಯಿದೆ. ಹುಟ್ಟಿದ ದಿನದಂದು ಅಭಿಮಾನಿಗಳು ಹಾಲು-ಜಿಲೇಬಿಯ ನೈವೇದ್ಯವನ್ನು ಅಲ್ಲಿಡುತ್ತಾರೆ. ಮಧ್ಯಪ್ರದೇಶ ಸರಕಾರವು ಅವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಸ್ಥಾಪಿಸಿದೆ. ಜುಹೂವಿನಲ್ಲಿ ಅವರ ಹೆಸರಿನ ರಸ್ತೆಯುಂಟು. ‘ಗೌರೀಕುಂಜ’ದ ಒಂದು ಭಾಗದಲ್ಲಿ 2022ರಲ್ಲಿ ಉಪಾಹಾರಗೃಹವೊಂದು ತೆರೆಯಿತು.

ಇಂದೂರಿನ ಕ್ಯಾಂಟೀನಿನ ಐದು ರೂಪಾಯಿ ಹನ್ನೆರಡು ಆಣೆ ಎಂದಾದರೂ ಸಂದಾಯವಾಯಿತೋ ಇಲ್ಲವೋ, ದೇಶಕ್ಕೆ ಅವರು ಕೊಟ್ಟುದರ ಮುಂದೆ ಆ ಬಾಕಿಯನ್ನು ವಜಾ ಮಾಡಲು ಯಾವ ಲೆಕ್ಕಪರಿಶೋಧಕನೂ ಅಡ್ಡಿ ಮಾಡಲಾರನು. ಆದರೆ ಇನ್ನೊಂದು ಬಾಕಿ ನಮ್ಮೆಲ್ಲರ ಖಾತೆಯಲ್ಲಿಯೂ ಇದೆ. ಮುಂದಿನ ವರ್ಷ ಊರಿಗೆ, ಮಗಳ ಮದುವೆಯಾದ ಮೇಲೆ ಊರಿಗೆ, ನಿವೃತ್ತಿಯಾದ ಮೇಲೆ ಊರಿಗೆ ಎಂದು ನಾವು ಮುಂಬಯಿ ಕನ್ನಡಿಗರು ವರ್ಷವರ್ಷವೂ ಮುಂದೂಡುವ ಬಾಕಿ ಅದು. ನಮ್ಮ ತಂದೆಯವರು ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಆರು ವರ್ಷಗಳಾದುವು. ಪ್ರತಿ ಮಳೆಗಾಲಕ್ಕೆ ಮೊದಲು ಊರಿನ ಮನೆಯ ಹಂಚು ಹೊದಿಸಬೇಕೆಂದು ಹೇಳುತ್ತಾರೆ. ಮಳೆ ಬಂದು ಹೋಗುತ್ತದೆ. ಕಿಶೋರಕುಮಾರರ ಜೀವನವನ್ನು ಈ ಸಂಚಿಕೆಗಾಗಿ ಬರೆದು ಮುಗಿಸಿದ ರಾತ್ರಿ ನಾವು ಕೊಂಕಣ ರೈಲಿನ ಎರಡು ಟಿಕೇಟುಗಳನ್ನು ತೆಗೆದಿರಿಸಿದೆವು, ಒಂದು ಅವರಿಗೆ, ಒಂದು ನಮಗೆ. ಈ ಬಾರಿಯ ಪ್ರಯಾಣವನ್ನು ಮುಂದೂಡುವುದಿಲ್ಲವೆಂದು ಅವರೂ ಮಾತು ಕೊಟ್ಟಿದ್ದಾರೆ.